ಅವ್ವನ ಬಾಗಿಲ ಸ್ಲೋಪು

ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವ್ವ ಮನೆಯಿಂದಾಚೆ ಕಾಲಿಟ್ಟಿರಲಿಲ್ಲ. ಮೂಳೆ ಕೂಡಿಕೊಂಡಿತ್ತು, ಕೋಲೂರಿ ನಡುಮನೆಯಲ್ಲಿ ಓಡಾಡುತ್ತಿದ್ದಳು. ಆದರೆ ಬಿದ್ದದ್ದು ಬಾಗಿಲ ಮುಂದಿನ ಕಲ್ಲು ಮೆಟ್ಟಿಲ ಮೇಲೆ. ಅವನ್ನು ಕಂಡರೆ ಹೊಸ್ತಿಲಿಂದಲೇ ಹಿಂದಕ್ಕೆ ತಿರುಗಿಬಿಡುತ್ತಿದ್ದಳು. ಎದುರು ಮನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಹರಟುವ ಹೆಂಗಸರನ್ನು ಅವಳು ಕಿಟಕಿಯಿಂದ ನೋಡುತ್ತ ಕೂರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಹತ್ತಿರದ ತಳಿ ಊರಿನಿಂದ ಗಾರೆಯವನನ್ನು ಕರೆಸಿ, ಮೆಟ್ಟಿಲು ಮುಚ್ಚಿಸಿ ಸ್ಲೋಪು ಹಾಕಿಸಿದೆ.

ಹೊಸೂರಿನ ಕಾರ್ಖಾನೆಗೆ ಹೋಗುವ ತಮ್ಮನಿಗೂ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನಗೂ ಅದು ಸ್ಲೋಪು, ಗಾರೆಯವನಿಗೆ ವಾಟ. ಸಿಮೆಂಟು ಗಟ್ಟಿಯಾದ ಶುಕ್ರವಾರ ನನ್ನ ಹೆಂಡತಿ, ಅತ್ತೆ ಇಳಿಯುವ ಜಾಗ ಬರಿದಾಗಿರಬಾರದೆಂದು, ಅದನ್ನು ಸಗಣಿಯಲ್ಲಿ ಸಾರಿಸಿ ರಂಗೋಲಿ ಬಿಟ್ಟಳು. ಅವ್ವ ಕೋಲೂರಿದ್ದೇ ತಡ, ಹಸಿ ಸಗಣಿಯ ಮೇಲೆ ಅದು ಸರ್ರನೆ ಜಾರಿತು. ನಾನು ತೋಳು ಹಿಡಿದಿದ್ದರಿಂದ ಬೀಳಲಿಲ್ಲ, ಅಷ್ಟೆ.

ನಾನು ರೇಗಿದೆ. "ಒಳ್ಳೇದಾಗ್ಲಿ ಅಂತ ಮಾಡ್ದೆ ಕಣ್ರೀ" ಎಂದು ಹೆಂಡತಿ ಮುಖ ಊದಿಸಿದಳು. ಕೊನೆಗೆ ತೊಳೆದವಳೂ ಅವಳೇ. ಮೇಲೊಂದು ತೆಳು ಗಾರೆ ಎಳೆಸಿ, ಹಸಿಯಿರುವಾಗಲೇ ಅಡ್ಡಡ್ಡ ಗೆರೆ ಹಾಕಿಸಿದೆವು. ಅವ್ವ ಮಾತ್ರ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ಭಾನುವಾರ ಬೇಸರ ಕಳೆಯಲು ನಿಘಂಟು ತೆರೆದು ಆ ಪದವನ್ನೇ ಹುಡುಕಿದೆ. ಜಾರಿಹೋಗು ಎಂಬರ್ಥದ ಹಳೆಯ ಇಂಗ್ಲಿಷ್ ಮಾತಿನಿಂದ ಸ್ಲೋಪು ಹುಟ್ಟಿರಬಹುದಂತೆ. ಯಾರಿಗೂ ಹೇಳದೆ ಮೆಲ್ಲಗೆ ಜಾಗ ಖಾಲಿ ಮಾಡುವುದಕ್ಕೂ ಇಂಗ್ಲಿಷರು ಅದನ್ನೇ ಬಳಸುತ್ತಾರಂತೆ. ನಮ್ಮ ಇಳಿಜಾರು ಎಂಬ ಪದದಲ್ಲೂ ಜಾರುವುದು ಇದೆಯಲ್ಲ ಎಂಬ ಖುಷಿಯಲ್ಲಿ ಅವ್ವನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವ್ವ ಯೋಚಿಸಿದಳು. "ಹಂಗಾದ್ರೆ ಇಂಗ್ಲೀಸ್ನೋರೂ ಜಾರಿ ಬಿದ್ದೇ ಹೆಸರಿಕ್ಕವ್ರೆ ಅನ್ನು."

"ಇರ್ಬೋದು ಕಣವ್ವ."

"ಬಿದ್ವಿ ಅಂತ ಅವ್ರೇನು ಮನೇಲೇ ಕುಂತ್ಕಂಡ್ರಾ? ಇಲ್ಲಿಗಂಟ ಬರ್ನಿಲ್ವಾ?"

ನಾನು ನಗುತ್ತಿರುವಾಗಲೇ ಕೋಲು ತೆಗೆದುಕೊಂಡು ಎದ್ದಳು. ನಾನು ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತೆ.

"ಅಡ್ಡ ನಿಂತ್ಕಬ್ಯಾಡ ಕಣ್ಲಾ, ದಾರಿ ಬುಡು."

ಬಿಟ್ಟೆ. ಗೆರೆಗಳಿಗೆ ಕೋಲು ಕಚ್ಚಿಕೊಂಡಿತು. ನಿಧಾನಕ್ಕೆ ಇಳಿದು ಅಂಗಳದ ಮಣ್ಣಿನ ಮೇಲೆ ನಿಂತವಳು ಉಸಿರು ತೆಗೆದುಕೊಂಡು, ಎದುರು ಜಗಲಿಯನ್ನೊಮ್ಮೆ, ತನ್ನ ಬರಿಗಾಲನ್ನೊಮ್ಮೆ ನೋಡಿದಳು.

"ನನ್ನ ಚಪ್ಪಲಿ ಎಲ್ಲಿಕ್ಕಿದ್ದೀರ್ಲಾ?"

ಇನ್ನು ಬೇಕಾಗುವುದಿಲ್ಲವೆಂದು ಅದನ್ನು ಅಟ್ಟಕ್ಕೆ ಹಾಕಿದ್ದೆವು. ಕಣ್ಣು ತುಂಬಿಕೊಂಡು ಏಣಿ ತರಲು ಓಡಿದೆ.