ಕೊನೆಯ ಮನೆಯ ಕೂಗು

ಅಣ್ಣ ಕೊನೆಯ ಸಲ ಮಂಕಿಯ ನಮ್ಮ ಮನೆಗೆ ಬಂದಾಗ ದೀಪಾವಳಿ ಹತ್ತಿರವಿತ್ತು. ಹಬ್ಬದ ಮುಂಚೆ ಹೊಲಿಗೆಯವರಿಗೆ ಪುರುಸೊತ್ತು ಇರುವುದಿಲ್ಲ. ನನ್ನ ಮಿಶಿನ್ನಿನ ಸುತ್ತ ರವಿಕೆ ಬಟ್ಟೆಗಳ ರಾಶಿ ಬಿದ್ದಿತ್ತು. ಅಣ್ಣ ಹೊತ್ತು ತಂದ ಗೋಣಿಯನ್ನು ಜಗಲಿಯಲ್ಲಿ ಇಳಿಸಿದ. ಅದರಲ್ಲಿ ಸುವರ್ಣಗಡ್ಡೆ ಇತ್ತು, ಸಾರಿನ ಹುಳಿಗೆಂದು ಒಣಗಿಸಿದ ಉಪ್ಪಾಗೆ ಸಿಪ್ಪೆ ಇತ್ತು. ಆಮೇಲೆ ತನ್ನ ನೀಲಿ ಅಂಗಿಯೊಂದನ್ನು ಚೀಲದಿಂದ ತೆಗೆದು ಆ ರವಿಕೆಗಳ ಮೇಲೆಯೇ ಎಸೆದ. ಬಗಲಿನ ಹೊಲಿಗೆ ಬಿಟ್ಟಿತ್ತು.

"ಇದನ್ನ ಮೊದ್ಲು ಹೊಲ್ದು ಕೊಡು. ಹಾಕ್ಕಂಡೇ ಹೋತೆ."

"ಹಬ್ಬ ಕಳೀಲಿ ಅಣ್ಣ. ನಿನ್ನ ಹರಕು ಅಂಗಿ ಹಿಡ್ಕಂಡು ಕೂತ್ರೆ ಊರ ಹೆಂಗಸ್ರೆಲ್ಲ ನನ್ನ ಮೈಮೇಲೆ ಬತ್ರು."

ಒಳಗಿದ್ದ ನನ್ನ ಗಂಡ ಸುಮ್ಮನಿರಲಿಲ್ಲ. "ಭಾವ, ಅದು ಅಂಗಿ ಹರ್ದದ್ದಲ್ಲ, ಹೊಟ್ಟೆ ಬಂದದ್ದು. ಗುಡ್ಡೆ ಮೇಲೆ ಎಂತ ತಿಂತ್ರಿ ನೀವು?"

"ನೀವು ಕೊಡೂ ಒಣ ಸಿಗಡಿಯೇ. ಮತ್ತೆಂತ ಅದೆ ಅಲ್ಲಿ?" ಎಂದು ಅಣ್ಣ ನಕ್ಕ.

ಊಟ ಮಾಡಿದ, ಸಿಗಡಿ ಕಟ್ಟಿಸಿಕೊಂಡ, ಮತ್ತೆ ಅವಸರ ಮಾಡಿದ. ಅತ್ತಿಗೆ ಮಗಳನ್ನು ಕರೆದುಕೊಂಡು ಕುಮಟೆಗೆ, ತನ್ನ ಅಕ್ಕನ ಮನೆಯ ಮದುವೆಗೆ ಹೋಗಿದ್ದಳು. ಊರಿನ ಮನೆಯಲ್ಲಿ ಯಾರೂ ಇರಲಿಲ್ಲ. "ದೀಪ ಹಚ್ಚುದ್ರೊಳ್ಗೆ ಮುಟ್ಬೇಕು ಮಾರಾಯ್ತಿ. ಇಲ್ದಿದ್ರೆ ಇಡೀ ಊರು ನನ್ನ ಹುಡ್ಕುಕೆ ಹೊರಡ್ತದೆ," ಎನ್ನುತ್ತ ಚಪ್ಪಲಿ ಮೆಟ್ಟಿದ. ಅಂಗಿ ನನ್ನಲ್ಲೇ ಉಳಿಯಿತು.

ಮುಂದೆ ಬರೆಯುವುದನ್ನು ಓದಿ ನೀವು ನಂಬಬೇಕೆಂದು ನಾನು ಹೇಳುವುದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ. ಯಾರಿಗೋ ಏನೋ ಕಂಡಿತಂತೆ, ಕೇಳಿತಂತೆ ಎಂಬ ಮಾತು ಬಂದಾಗ ನಾನು ಮಿಶಿನ್ನಿನ ಸದ್ದು ಜೋರು ಮಾಡಿಕೊಂಡು ಕೂತವಳು.

ನಮ್ಮ ತವರು ಮೇಲ್ಕೊಡ್ಲು. ಗೇರುಸೊಪ್ಪದಿಂದ ಜೀಪು ಹಳ್ಳದ ತನಕ ಹೋಗುತ್ತದೆ. ಅಲ್ಲಿಂದ ಗುಡ್ಡ ಹತ್ತಬೇಕು. ಊರು ಎಂದರೆ ಕೆಲವೇ ಮನೆ. ಅವೂ ಒಂದಕ್ಕೊಂದು ತಾಗಿಕೊಂಡಿಲ್ಲ. ಒಂದು ಮನೆ ಈ ಇಳಿಜಾರಿನಲ್ಲಿ, ಇನ್ನೊಂದು ಹಳ್ಳದ ಆಚೆ. ಮೆಟ್ಟಿಲಿನ ಹಾಗೆ ಕಡಿದ ಗದ್ದೆಗಳು, ಗುಡ್ಡದ ಒರತೆಯಿಂದ ತಿರುಗಿಸಿ ತಂದ ಕಾಲುವೆ. ಭೂಮಿಗೆ ಯಾರ ಹತ್ತಿರವೂ ಕಾಗದ ಇಲ್ಲ. ಅರ್ಜಿ ಕೊಟ್ಟಿದ್ದಾರೆ, ಅಳತೆಗೆ ಬರುತ್ತಾರೆ ಎನ್ನುವುದನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ.

ಕಾಗದ ಇಲ್ಲದ ಊರಿಗೆ ಅದರದೇ ಒಂದು ಕ್ರಮವಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲಕ್ಕಿಂತ ಮೇಲಿನ ಮನೆಯ ಮಾಸ್ತಪ್ಪ ಮಾವ ಅಂಗಳಕ್ಕೆ ಬಂದು ಒಂದು ಕೂ ಹಾಕುತ್ತಾರೆ. ಅದನ್ನು ಕೇಳಿ ಅದರ ಕೆಳಗಿನ ಮನೆಯವರು ಹಾಕಬೇಕು. ಹಾಗೆ ಕೂಗು ಮನೆಯಿಂದ ಮನೆಗೆ ಇಳಿದು ಕಾಡಿನ ಅಂಚಿನ ನಮ್ಮ ಮನೆಗೆ ಬಂದು ಮುಗಿಯುತ್ತದೆ. ನಮ್ಮದು ಕೊನೆಯ ಮನೆ. ನಮ್ಮ ಕೂ ಕೇಳಿದ ಮೇಲೆಯೇ ಎಲ್ಲರೂ ಬಾಗಿಲು ಹಾಕಿ ಉಣ್ಣಲು ಕೂರುವುದು. ಯಾವುದಾದರೂ ಮನೆಯಿಂದ ಕೂ ಬಾರದಿದ್ದರೆ ಉರಿಯುವ ಸೂಡಿಯೋ ಬ್ಯಾಟರಿಯೋ ಹಿಡಿದು ಜನ ಅಲ್ಲಿಗೆ ಹೊರಡುತ್ತಾರೆ. ಮೊಬೈಲ್ ಅಲ್ಲಿ ಹತ್ತುವುದಿಲ್ಲ.

ಗದ್ದೆಯ ಹಕ್ಕೂ ಆ ಕೂಗಿಗೇ ಸೇರಿದ್ದು. ಕೂ ಬರುವ ಮನೆಯವರದು ಗದ್ದೆ. ಒಂದು ಮನೆ ಸುಮ್ಮನಾಗಿ, ಮಳೆಗಾಲದ ಬೀಜ ಹಾಕುವ ಹೊತ್ತಿಗೂ ಅಲ್ಲಿಂದ ಕೂ ಬಾರದಿದ್ದರೆ ಅದರ ಗದ್ದೆಯನ್ನು ಊರವರು ಬೇಸಾಯ ಮಾಡುವವರಿಗೆ ಕೊಟ್ಟುಬಿಡುತ್ತಾರೆ. ದುಷ್ಟತನವೇನಲ್ಲ. ಪಾಳು ಬಿದ್ದ ಗದ್ದೆಗೆ ಹಂದಿ ಸೇರುತ್ತದೆ, ಕಾಲುವೆ ಒಡೆಯುತ್ತದೆ, ಕೆಳಗಿನವರಿಗೆ ನೀರು ಇಲ್ಲದಾಗುತ್ತದೆ.

ಅಣ್ಣ ಮಂಕಿಯಿಂದ ಹೋದ ಮರುದಿನ ಬೆಳಿಗ್ಗೆ ಕಾಲುವೆಯ ತಲೆಯಲ್ಲಿ ಕಸ ತೆಗೆಯುತ್ತೇನೆಂದು ಪಕ್ಕದ ಮನೆಯ ಗೌರಕ್ಕನಿಗೆ ಹೇಳಿ ಗುದ್ದಲಿ ಹಿಡಿದು ಹೋದ. ಆ ಸಂಜೆ ಕೊನೆಯ ಮನೆಯಿಂದ ಕೂ ಬಂತು. ಎಲ್ಲರೂ ಕೇಳಿದರು. ಅಣ್ಣನದೇ ಕೂ, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ ಬಿಡುವ ಕೂ. ಎಲ್ಲರೂ ಬಾಗಿಲು ಹಾಕಿ ಉಂಡು ಮಲಗಿದರು. ಮಾರನೆಯ ದಿನ ದನಗಳು ನಮ್ಮ ಅಂಗಳದಲ್ಲಿ ನಿಂತು ಅರಚುವುದನ್ನು ಕೇಳಿ ಗೌರಕ್ಕ ಬಂದು ನೋಡಿದಳು. ಹಿಂದಿನ ದಿನ ಬೆಳಿಗ್ಗೆ ಮಾಡಿಟ್ಟ ಗಂಜಿ ಮುಚ್ಚಿಟ್ಟಲ್ಲೇ ಹಳಸಿತ್ತು. ದೀಪದ ಬತ್ತಿ ಹೊಸದು, ಹಚ್ಚಿರಲಿಲ್ಲ. ದನಗಳನ್ನು ಯಾರೂ ಕೊಟ್ಟಿಗೆಗೆ ಕಟ್ಟಿರಲಿಲ್ಲ. ಕಾಲುವೆಯ ತಲೆಯಲ್ಲಿ ಗುದ್ದಲಿ ಮರಕ್ಕೆ ಒರಗಿಸಿಟ್ಟದ್ದು ಸಿಕ್ಕಿತು. ಅಣ್ಣ ಸಿಗಲಿಲ್ಲ. ಪೊಲೀಸರು ಬಂದರು, ಅರಣ್ಯದವರು ಬಂದರು, ಮಂಕಿಯಿಂದ ನನ್ನ ಗಂಡನ ದೋಣಿಯವರೆಲ್ಲ ಬಂದು ಹಳ್ಳದ ಗುಂಡಿಗಳಲ್ಲಿ ಮುಳುಗಿ ಹುಡುಕಿದರು.

ಆ ಸಂಜೆಯ ಕೂಗಿನ ಮಾತನ್ನು ನಾನು ನಂಬಲಿಲ್ಲ. ಕೂ ಬಾರದಿದ್ದರೂ ಸೋಮಾರಿತನದಿಂದ ಯಾರೂ ಹೊರಡಲಿಲ್ಲ, ಅದನ್ನು ಮುಚ್ಚಲು ಎಲ್ಲರೂ ಸೇರಿ ಕಥೆ ಕಟ್ಟಿದ್ದಾರೆ ಎಂದೇ ತಿಳಿದೆ. ಮಾಸ್ತಪ್ಪ ಮಾವನ ಎದುರೇ ಹೇಳಿದೆ. ಅವರು ತಲೆ ತಗ್ಗಿಸಿ ಕೂತಿದ್ದರು.

ಅತ್ತಿಗೆ ಕುಮಟೆಯಲ್ಲೇ ಉಳಿದಳು. ಆ ಅಂಗಳಕ್ಕೆ ಕಾಲಿಡಲು ಆಗುವುದಿಲ್ಲ ಎನ್ನುತ್ತಿದ್ದಳು. ಸುಗ್ಗಿ ಬೆಳೆ ಹಾಗೇ ಹೋಯಿತು. ಬಿಸಿಲು ಏರಿ ಮಳೆಗಾಲದ ಬೀಜದ ಮಾತು ಶುರುವಾದಾಗ ಗೌರಕ್ಕ ಜೀಪಿನವನ ಹತ್ತಿರ ನನಗೆ ಸುದ್ದಿ ಕಳಿಸಿದಳು. ಆ ಸಂಜೆಯ ನಂತರ ಕೊನೆಯ ಮನೆಯಿಂದ ಕೂ ಬಂದಿಲ್ಲ, ಗದ್ದೆ ಕೈಬಿಟ್ಟು ಹೋಗುತ್ತದೆ, ಯಾರಾದರೂ ಬಂದು ಕೂ ಹಾಕಿ ಎಂದು. ಅತ್ತಿಗೆಗೂ ಅವಳ ಮಗಳಿಗೂ ಆ ಗದ್ದೆ ಬಿಟ್ಟರೆ ಬೇರೆ ಏನೂ ಇಲ್ಲ. ಅಕ್ಕನ ಮನೆಯಲ್ಲಿ ಎಷ್ಟು ದಿನ ಎಂದು ಇರುವುದು? ಅತ್ತಿಗೆ ಗಟ್ಟಿಯಾಗುವ ತನಕ ನಾನೇ ಅಲ್ಲಿದ್ದು ಕೂ ಹಾಕುತ್ತೇನೆ ಎಂದು ಹೊರಟೆ. ಮದುವೆಯಾಗಿ ಹೋದವಳ ಕೂ ನಡೆಯುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಮಾಸ್ತಪ್ಪ ಮಾವ, "ಆ ಮನೇಲಿ ಹುಟ್ಟಿದ ಗಂಟಲು. ನಡೀತದೆ," ಎಂದರು.

ಮನೆ ಗುಡಿಸಿದೆ, ಅಂಗಳಕ್ಕೆ ನೀರು ಹಾಕಿದೆ. ಹೊಲಿದಿಟ್ಟ ನೀಲಿ ಅಂಗಿಯನ್ನು ಜೊತೆಗೆ ತಂದಿದ್ದೆ, ಯಾಕೆಂದು ಗೊತ್ತಿಲ್ಲ. ಅದನ್ನು ಗೂಟಕ್ಕೆ ಹಾಕಿದೆ. ಸಂಜೆ ದೀಪ ಹಚ್ಚಿ ತುಳಸಿಯ ಹತ್ತಿರ ನಿಂತೆ. ಮೇಲಿನಿಂದ ಮಾಸ್ತಪ್ಪ ಮಾವನ ಕೂ ಬಂತು. ಆಮೇಲೆ ಒಂದೊಂದೇ ಮನೆ. ಗೌರಕ್ಕನ ಸಣ್ಣ ದನಿ ಹಳ್ಳ ದಾಟಿ ಬಂದ ಮೇಲೆ ನನ್ನ ಸರದಿ. ಕೂ ಹಾಕದೆ ವರ್ಷಗಳೇ ಆಗಿದ್ದವು, ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದೆ.

ನನ್ನ ಬಾಯಿಂದ ದನಿ ಹೊರಡುವ ಮೊದಲೇ ಹಿಂದಿನ ಗುಡ್ಡದಿಂದ, ಕಾಲುವೆಯ ತಲೆಯ ಕಡೆಯಿಂದ, ಕೂ ಬಂತು.

ಅಣ್ಣನ ಕೂ. ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ ಬಿಡುವ ಕೂ. ನಾನು ಬಾಯಿ ತೆರೆದೇ ನಿಂತಿದ್ದೆ. ದೂರದಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡ ಸದ್ದು ಕೇಳಿತು. ಊರು ಉಣ್ಣಲು ಕೂತಿತ್ತು. ನಾನು ಒಳಗೆ ಹೋಗಿ ಅಗುಳಿ ಹಾಕಿ ಗೋಡೆಗೆ ಒರಗಿ ಕೂತೆ. ಹೆದರಿಕೆಗಿಂತ ಹೆಚ್ಚಾಗಿ, ಮತ್ತೊಮ್ಮೆ ಕೇಳಬಾರದೇ ಎಂದು ಅನಿಸುತ್ತಿತ್ತು.

ಬೆಳಿಗ್ಗೆ ಗೌರಕ್ಕ ಹಾಲು ತಂದಳು. "ನಿನ್ನೆ ನಿನ್ನ ಕೂ ಕೇಳಿ ನಮ್ಮನೇವ್ರಿಗೆ ಅನ್ನವೇ ಸೇರ್ಲಿಲ್ಲ. ಥೇಟ್ ಅಣ್ಣನ ಹಾಂಗೇ ಹಾಕ್ತಿ ಅಲ್ದೆ? ಎಂತ ಗಂಟಲೇ ನಿಂದು," ಎಂದಳು. ನಾನು ಹೂಂ ಎಂದೆ.

ಯಾರೋ ಹುಡುಗಾಟಕ್ಕೆ ಮಾಡುತ್ತಿರಬಹುದು ಎಂಬ ಯೋಚನೆ ಬಂತು. ಅಂದು ಸಂಜೆ ದೀಪ ಹಚ್ಚಿ ಅಂಗಳದ ಕಟ್ಟೆಯ ಮೇಲಿಟ್ಟು, ಬೆಳಕಿರುವಾಗಲೇ ಗುಡ್ಡ ಹತ್ತಿ ಕಾಲುವೆಯ ತಲೆಯಲ್ಲಿ, ಗುದ್ದಲಿ ಸಿಕ್ಕಿದ ಮರದ ಹತ್ತಿರ ನಿಂತೆ. ಅಲ್ಲಿಂದ ನಮ್ಮ ಅಂಗಳ ಪೂರ್ತಿ ಕಾಣುತ್ತದೆ. ಒರತೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಸುತ್ತ ಯಾರೂ ಇರಲಿಲ್ಲ, ಬೇಕೆಂದೇ ಪೊದೆಗಳನ್ನೆಲ್ಲ ಕೋಲಿನಿಂದ ಸರಿಸಿ ನೋಡಿದ್ದೆ. ಕೂಗು ಮೇಲಿನ ಮನೆಯಿಂದ ಹೊರಟು ಇಳಿಯುತ್ತ ಬಂತು. ಗೌರಕ್ಕನ ಮನೆ ಮುಗಿಯಿತು. ನಾನು ಉಸಿರು ಹಿಡಿದು ಕಿವಿ ಕೊಟ್ಟೆ.

ಈ ಸಲ ಕೂ ಕೆಳಗಿನಿಂದ ಬಂತು, ನಮ್ಮ ಅಂಗಳದಿಂದ. ಕಟ್ಟೆಯ ಮೇಲಿನ ದೀಪ ಅಲುಗದೆ ಉರಿಯುತ್ತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ.

ಹೇಗೆ ಇಳಿದು ಬಂದೆನೋ ನೆನಪಿಲ್ಲ. ಮನೆಯಲ್ಲಿ ಎಲ್ಲ ಇಟ್ಟಲ್ಲೇ ಇತ್ತು. ಅಂಗಿ ಗೂಟದಲ್ಲಿತ್ತು.

ಮರುದಿನ ಮಾಸ್ತಪ್ಪ ಮಾವ ತಾವೇ ಬಂದರು. ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿಕೊಂಡು ಗದ್ದೆಯ ಕಡೆ ನೋಡಿದರು.

"ನಿನ್ನೆ ಕೂ ಹಾಕಿದ್ದು ನೀನಲ್ಲ," ಎಂದರು.

"ಅಲ್ಲ ಮಾವ."

"ಮೊನ್ನೆನೂ ಅಲ್ಲ."

"ಅಲ್ಲ."

"ಹಾಂಗಾರೆ ಆವತ್ತು ನಾವು ಕೇಳಿದ್ದೂ ಸುಳ್ಳಲ್ಲ. ಅಷ್ಟಾದ್ರೂ ನಿಂಗೆ ಗೊತ್ತಾತಲ್ಲ." ಸಿಟ್ಟಿನಿಂದ ಹೇಳಲಿಲ್ಲ. ದಣಿದವರ ಹಾಗೆ ಹೇಳಿದರು. "ಆದ್ರೆ ಆ ಕೂಗಿಗೆ ಗದ್ದೆ ನಿಲ್ಸುಕೆ ಆಗುದಿಲ್ಲ ತಂಗಿ. ಉಣ್ಣುವವ್ರು ಹಾಕ್ಬೇಕು. ಇವತ್ತು ಗೌರಿದು ಮುಗಿಯೂ ಮುಂಚೆನೇ ನೀ ಹಾಕು."

"ಮುಂಚೆ ಹಾಕಿದ್ರೆ ಅದು ಬತ್ತದಾ?"

"ನಂಗೆಂತ ಗೊತ್ತು? ನಿನ್ನ ಅತ್ತಿಗೆಗೆ ಗದ್ದೆ ಬೇಕೋ ಬೇಡ್ವೋ, ಅಷ್ಟು ಹೇಳು."

ಅವರು ಉತ್ತರಕ್ಕೆ ಕಾಯದೆ ಕೋಲು ಊರಿಕೊಂಡು ಎದ್ದು ಹೋದರು. ಆ ದಿನ ಪೂರ್ತಿ ಮನೆಯಲ್ಲಿ ಸುಮ್ಮನೆ ತಿರುಗಾಡಿದೆ. ಒಂದು ಸಂಜೆ ತಡೆದರೆ ಏನಾಗುತ್ತದೆ, ಇನ್ನೊಮ್ಮೆ ಕೇಳಿ ನಾಳೆಯಿಂದ ಹಾಕಿದರಾಯಿತು ಎಂದುಕೊಂಡೆ. ಬೀಜ ಹಾಕುವವರು ಆಗಲೇ ಕೆಳಗಿನ ಗದ್ದೆಗಳಲ್ಲಿ ಉಳುತ್ತಿದ್ದರು. ಹಾಗೆ ನಾಳೆ ನಾಳೆ ಎಂದುಕೊಂಡರೆ ನಾನು ಆ ಅಂಗಳ ಬಿಟ್ಟು ಏಳುವುದಿಲ್ಲ ಎಂದೂ ಗೊತ್ತಿತ್ತು.

ಸಂಜೆ ಗೌರಕ್ಕನ ಕೂ ಹೊರಟ ಕೂಡಲೇ, ಅದು ಇಳಿಯುವ ಮೊದಲೇ, ಕಣ್ಣು ಮುಚ್ಚಿ ನಾನು ಹಾಕಿದೆ. ದನಿ ಒಡೆದಿತ್ತು, ಆದರೂ ಗುಡ್ಡ ಮುಟ್ಟಿತು. ಆಮೇಲೆ ಕಾದೆ. ಬಾಗಿಲುಗಳು ಮುಚ್ಚಿಕೊಂಡವು. ಒರತೆಯ ಸದ್ದು ಕೇಳುತ್ತಿತ್ತು. ಬೇರೆ ಏನೂ ಬರಲಿಲ್ಲ. ಅಂದೂ ಬರಲಿಲ್ಲ, ಅತ್ತಿಗೆ ಬರುವ ತನಕ ನಾನಿದ್ದ ಯಾವ ಸಂಜೆಯೂ ಬರಲಿಲ್ಲ.

ಅತ್ತಿಗೆ ಮಳೆ ಹಿಡಿಯುವ ಮುಂಚೆ ಮಗಳೊಂದಿಗೆ ಬಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಹೆದರಲಿಲ್ಲ. ಒಂದೇ ಮಾತು ಕೇಳಿದಳು.

"ದನಿ ಸುಸ್ತಾದ ಹಾಂಗೆ ಇತ್ತಾ?"

"ಇಲ್ಲ ಅತ್ತಿಗೆ. ಮನೆಗೆ ಮುಟ್ಟಿದವ್ರು ಹಾಕೂ ಹಾಂಗೇ ಇತ್ತು."

ಅವಳು ತಲೆಯಾಡಿಸಿ ಒಲೆಗೆ ಬೆಂಕಿ ಮಾಡಲು ಹೋದಳು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಕಾಜಾಣ ಹಕ್ಕಿ ಯಾರ ದನಿಯನ್ನಾದರೂ ತೆಗೆಯುತ್ತದೆ, ಅದೇ ಇರಬೇಕು ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಗುಡ್ಡದಲ್ಲಿ ಒಂದು ಕಡೆಯ ದನಿ ಇನ್ನೊಂದು ಕಡೆಯಿಂದ ಬಂದ ಹಾಗೆ ಕೇಳಿಸುವುದೂ ಉಂಟು. ಆದರೆ ಹಕ್ಕಿಗೆ ಸರದಿ ಗೊತ್ತಿರುತ್ತದೆಯೇ? ಗೌರಕ್ಕನ ನಂತರ ಕೊನೆಯ ಮನೆ ಎಂದು ಅದಕ್ಕೆ ಯಾರು ಹೇಳಿದರು? ನನ್ನ ದುಃಖವೇ ನನಗೆ ಹಾಗೆ ಕೇಳಿಸಿತು ಎಂದರೆ, ಗೌರಕ್ಕನ ಗಂಡನಿಗೆ ಅನ್ನ ಸೇರದೆ ಹೋದದ್ದು ಯಾಕೆ? ಯೋಚಿಸಿ ಯೋಚಿಸಿ ಬಿಟ್ಟಿದ್ದೇನೆ. ಒಮ್ಮೊಮ್ಮೆ ನಾನು ಆ ಮೂರನೆಯ ಸಂಜೆ ಕೂ ಹಾಕದೆ ಬಾಯಿ ಮುಚ್ಚಿಕೊಂಡಿದ್ದರೆ ಎಂದು ಅನಿಸುತ್ತದೆ.

ಗದ್ದೆ ಅತ್ತಿಗೆಯದೇ ಆಗಿ ಉಳಿದಿದೆ. ಸಂಜೆಯ ಕೂ ಈಗ ಅವಳ ಮಗಳು ಹಾಕುತ್ತಾಳೆ, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ. ಅತ್ತಿಗೆ ಕುಂಕುಮ ತೆಗೆದಿಲ್ಲ, ನಾವು ಕ್ರಿಯೆಯನ್ನೂ ಮಾಡಿಲ್ಲ. ನೀಲಿ ಅಂಗಿಯನ್ನು ನಾನು ಗೂಟದಲ್ಲೇ ಬಿಟ್ಟು ಬಂದೆ. ಹೊಲಿಗೆ ಗಟ್ಟಿಯಾಗಿದೆ.

ಅಣ್ಣ ಸಿಕ್ಕಿಲ್ಲ.