ಸಪ್ಪಳ ಬೇಕೆಂದು ಬರೆದ ಪ್ರಬಂಧ

ಮಗಳ ಇಂಗ್ಲಿಷ್ ವಹಿಯಲ್ಲಿ ಇಂದು ‘ಇನ್ ಮೈ ಒಪಿನಿಯನ್’ ಎಂಬ ಸಾಲು ಕಂಡು, ಶಹಾಪುರದ ಮಗ್ಗದ ಶೆಡ್ಡಿನ ಎಣ್ಣೆ ವಾಸನೆ ನೆನಪಾಯಿತು.

ನಮಗೂ ಶಾಲೆಯಲ್ಲಿ ಅಂಥ ಪ್ರಬಂಧವಿತ್ತು: ಊರೊಳಗೆ ಮಗ್ಗಗಳಿರಬೇಕೇ? ‘ಸದ್ದು ಕಿವಿಗೆ ಹಾನಿಕರ’ ಎಂದಿತ್ತು ಗೈಡು. ಶೆಡ್ಡಿನಲ್ಲಿ ಮಾತು ಕೇಳಿಸದು; ಎಲ್ಲರೂ ತುಟಿ ನೋಡಿಯೇ ತಿಳಿಯುತ್ತಿದ್ದರು. ನೂಲಿನ ಕಂಡಿಕೆ ಸುತ್ತುತ್ತಿದ್ದ ಅವ್ವನಿಗೆ ಗೈಡಿನ ಆ ಸಾಲಿನ ಅರ್ಥವನ್ನು ಹಾಗೆಯೇ ತುಟಿ ಆಡಿಸಿ ಹೇಳಿದೆ.

“ಗೈಡ್ ಬರದಾಂವ ಮಗ್ಗ ನೋಡಿಲ್ಲ ಬಿಡ. ಸಪ್ಪಳ ನಿಂತ್ರ ನಮ್ಮ ಎದಿ ಧಸಕ್ಕಂತದ. ಸಪ್ಪಳ ಬೇಕಂತ ಬರಿ.”

ಹಾಗೇ ಬರೆದೆ. ತರಗತಿಯಲ್ಲಿ ಓದಿದಾಗ ನೇಕಾರರ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಇಂದು ಮಗಳ ವಿಷಯವೂ ಸದ್ದೇ. “ಅಜ್ಜಿ, ನಿಮಗೇನ್ ಅನಸ್ತದ್ರಿ?” ಎಂದು ಅವ್ವನನ್ನು ಕೇಳಿದಳು.

ಮನೆ ನಿಶ್ಶಬ್ದವಾಗಿತ್ತು. ಅವ್ವ ಅವಳ ತುಟಿಗಳನ್ನೇ ದಿಟ್ಟಿಸಿ, “ಇನ್ನೊಮ್ಮೆ ಹೇಳ ನನ್ನ ಬಾಳಾ, ಸಾವಕಾಶ” ಎಂದಳು.