ಸಾಲಾಗಿ ನಿಂತ ಕಾಡು

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮುಳಬಾಗಿಲಿನಲ್ಲಿ ನಾಟಕದ ಪರದೆಗಳನ್ನು ಬರೆಯುತ್ತಿದ್ದೆ. ಅರಮನೆ, ಬೀದಿ, ಕಾಡು ಇದ್ದರೆ ಯಾವ ಹಳ್ಳಿಯ ನಾಟಕವೂ ನಡೆದುಹೋಗುತ್ತಿತ್ತು. ಮದುವೆಯಾದ ಮೇಲೆ ಬಣ್ಣದಿಂದ ಹೊಟ್ಟೆ ತುಂಬೀತೇ ಎಂಬ ಭಯ ಹತ್ತಿತು. ಭಯ ಹತ್ತಿಸಿಕೊಳ್ಳಲು ನನಗೆ ಬೇರೆಯವರ ನೆರವು ಬೇಕಿಲ್ಲ. ಮಾಲೂರಿನ ಹತ್ತಿರ ಸರ್ಕಾರಿ ನರ್ಸರಿಯೊಂದರಲ್ಲಿ ಕೆಲಸ ಸಿಕ್ಕಿತು. ನೀಲಗಿರಿ ಸಸಿ ಬೆಳೆಸುವುದು, ಬಯಲಿಗೆ ಸಾಗಿಸಿ ನೆಡಿಸುವುದು. ಅಟ್ಟಕ್ಕೆ ಹಾಕಿದ ಕುಂಚಗಳನ್ನು ವರ್ಷಗಟ್ಟಲೆ ಇಳಿಸಲಿಲ್ಲ.

ಎಂಬತ್ತರ ದಶಕದಲ್ಲಿ ಒಂದು ದಿನ ಬೈರಕೂರಿನ ನಾಟಕದ ಮೇಷ್ಟ್ರು ಹುಡುಕಿಕೊಂಡು ಬಂದರು. ನಾನು ಹಿಂದೆ ಬರೆದುಕೊಟ್ಟಿದ್ದ ಕಾಡಿನ ಪರದೆಯನ್ನು ಎಮ್ಮೆ ತುಳಿದು ಹರಿದಿತ್ತಂತೆ.

"ಇನ್ನೊಂದು ಬರ್ಕೊಡಯ್ಯಾ. ಚೆನ್ನಾಗ್ ಬರ್ಲಿಲ್ಲ ಅಂದ್ರೆ ಕೋಲಾರದಿಂದ ಬಾಡಿಗೆಗೆ ತರ್ತೀವಿ, ನೀನೇನೂ ಬೇಜಾರ್ ಮಾಡ್ಕೋಬೇಡ."

ಬೇಜಾರಾಗದೆ ಇರುತ್ತದೆಯೇ? ಬಾಡಿಗೆ ಪರದೆ ಬಂತೆಂದರೆ ನನ್ನ ಕೈ ಹೋಗಿದೆ ಎಂದು ಊರೇ ತೀರ್ಮಾನಿಸಿದಂತೆ. ಆಮೇಲೆ ಕುಂಚ ಮುಟ್ಟುವ ಧೈರ್ಯ ಈ ಜನ್ಮದಲ್ಲಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಟ್ಟದಿಂದ ಕುಂಚ ಇಳಿಸಿ ಮೊದಲ ಗೆರೆ ಎಳೆದೆ. ಆಮೇಲೆ ಕೈ ನನ್ನ ಮಾತನ್ನೇ ಕೇಳಲಿಲ್ಲ. ಭಾನುವಾರ ಬಂದರೆ ಅಂಗಳದ ತುಂಬ ಬಟ್ಟೆ ಹರವಿ ಕೂರುತ್ತಿದ್ದೆ. ಮೊಣಕೈವರೆಗೂ ಹಸಿರು.

"ರೀ, ಒಬ್ರೇ ನಗ್ತಾ ಇದ್ದೀರಲ್ಲ, ದಾರೀಲಿ ಹೋಗೋರು ಏನಂದ್ಕೊಂತಾರೆ?" ಎಂದಳು ಹೆಂಡತಿ. ನಗುತ್ತಿದ್ದದ್ದು ನನಗೇ ತಿಳಿದಿರಲಿಲ್ಲ.

ಪರದೆಯನ್ನು ಬಸ್ಸಿನ ಟಾಪಿಗೆ ಹಾಕಿ, ಎಲ್ಲಾದರೂ ತಿದ್ದಬೇಕಾದೀತೆಂದು ಬಣ್ಣ, ಕುಂಚಗಳ ಚೀಲವನ್ನೂ ಹಿಡಿದು ಬೈರಕೂರಿಗೆ ಹೊರಟೆ. ಮಳೆ ಬಂದೀತು, ಹಗ್ಗ ಬಿಚ್ಚೀತು ಎಂದು ದಾರಿಯುದ್ದಕ್ಕೂ ಕಿಟಕಿಯಿಂದ ಕತ್ತು ಹೊರಗೇ ಹಾಕಿದ್ದೆ. ಮಧ್ಯಾಹ್ನ ಶಾಲೆಯ ಮುಂದೆ ಎರಡು ಗಳುಗಳ ನಡುವೆ ಅದನ್ನು ಕಟ್ಟಿದರು. ಊರು ನೆರೆಯಿತು. ಮೊದಲು ಬಾಯಿಬಿಟ್ಟವನು ರಾಜನ ಪಾರ್ಟು ಮಾಡುವವನು.

"ಲೇ, ನಾನು ಬೇಟೆಗ್ ಹೋಗೋದಾ, ಸೌದೆ ತರಕ್ ಹೋಗೋದಾ?"

ಮೇಷ್ಟ್ರು ಹತ್ತಿರ ಹೋಗಿ ಮೂಗು ತಾಗುವಂತೆ ನೋಡಿದರು. "ಏಮಯ್ಯಾ, ಇದು ಅಡವೀನಾ, ನರ್ಸರೀನಾ?"

ಆಗ ನಾನೂ ನೋಡಿದೆ. ಮರಗಳೆಲ್ಲ ನೆಟ್ಟಗೆ, ಸಿಪ್ಪೆ ಸುಲಿದ ಬಿಳಿ ಕಾಂಡ, ನಡುನಡುವೆ ಅಳೆದಿಟ್ಟಂತೆ ಜಾಗ. ಮುಂದಿನ ಸಾಲಿಗೆ ನೀರು ನಿಲ್ಲಲೆಂದು ಪಾತಿಯನ್ನೂ ಮಾಡಿದ್ದೆ! ಋಷಿಯ ಆಶ್ರಮ ನಮ್ಮ ನರ್ಸರಿಯ ವಾಚ್‌ಮನ್ನನ ಗುಡಿಸಲೇ.

"ಸುತ್ತಿಡ್ರಪ್ಪಾ," ಎಂದರು ಮೇಷ್ಟ್ರು ಮೆಲ್ಲಗೆ.

ಬೇರೆ ದಿನವಾಗಿದ್ದರೆ ಸುತ್ತುವುದಕ್ಕೆ ನಾನೇ ಕೈಜೋಡಿಸುತ್ತಿದ್ದೆ. ಅಂದು ಮಾತ್ರ ನಗು ಒತ್ತರಿಸಿ ಬಂತು. ಹೊಟ್ಟೆ ಹಿಡಿದುಕೊಂಡು ಹೇಳಿದೆ: "ಸಂಜೆವರ್ಗೂ ಬಿಡಿ ಮೇಷ್ಟ್ರೇ. ಒಂದು ಬೆಂಚು ಕೊಡ್ಸಿ."

ಬೆಂಚು ಹತ್ತಿದೆ. ಮೊದಲ ನೀಲಗಿರಿಗೆ ಬಿಳಲು ಇಳಿಬಿಟ್ಟು ಆಲದಮರ ಮಾಡಿದೆ. ಎರಡನೆಯದಕ್ಕೆ ಬಳ್ಳಿ ಸುತ್ತಿಸಿದೆ. ಪಾತಿಗಳು ಬಂಡೆಗಳಾದವು. ಹಿಂದಿನಿಂದ ಒಬ್ಬ ಅಜ್ಜಿ, "ಒಂದು ಹುಣಿಸೇಮರ ಹಾಕಪ್ಪಾ, ಅದಿಲ್ದೆ ಏನ್ ಕಾಡು?" ಎಂದಳು. ಹಾಕಿದೆ. ಬಳೆ ಮಾರುವ ಸಾಬರು ಗಂಟು ಇಳಿಸಿ, "ಅರೆ ಭಾಯ್, ಆ ಮೂಲೆ ಖಾಲಿ ಐತೆ, ಒಂದು ನವಿಲು ಬಿಡಿ," ಎಂದರು. ಬಿಟ್ಟೆ. ಯಾರೋ ಹುಲಿ ಬೇಕೆಂದು ಕೂಗಿದರು.

"ಹುಲಿ ಬ್ಯಾಡ!" ಮೇಷ್ಟ್ರು ಹೌಹಾರಿದರು. "ಹುಲಿ ಪಾರ್ಟಿನವನು ಮುನಿಸ್ಕೊಂಡು ಮನೇಗ್ ಹೋಗ್ತಾನೆ!"

ಮಳೆಯಿರಲಿ, ಕೊನೆಯ ಬಸ್ಸಿರಲಿ, ಯಾವುದರ ಚಿಂತೆಯೂ ನನಗಿರಲಿಲ್ಲ. ಬೆಂಚು ಅಲ್ಲಾಡುತ್ತಿತ್ತು, ನಾನೂ ಅಲ್ಲಾಡುತ್ತಿದ್ದೆ. ಕಾಡು ದಟ್ಟವಾಗುತ್ತಲೇ ಹೋಯಿತು.

"ಸಾಕಯ್ಯಾ, ಸಾಕು!" ಮೇಷ್ಟ್ರು ನನ್ನ ಅಂಗಿ ಹಿಡಿದು ಜಗ್ಗಿದರು. "ಬಾಡಿಗೇದು ತರಲ್ಲ, ಆಣೆ ಮಾಡ್ತೀನಿ. ನಮ್ ರಾಜ ಓಡಾಡಕ್ಕೆ ಒಂದಿಷ್ಟು ದಾರಿ ಬಿಡು!"

"ಬಂದೆ ಮೇಷ್ಟ್ರೇ, ಇದೊಂದು ಕೊಂಬೆ," ಎಂದು ಮತ್ತೆ ಕುಂಚ ಅದ್ದಿದೆ.